ಮುರಿಗೆವ್ವನ ಮುಂದಿನ ಹಲ್ಲು

ಮುರಿಗೆವ್ವನ ಬಾಯಿಗೆ ಹೆದರದವರು ಅಮರಗೋಳದ ಕಾಳಿನ ಮಾರ್ಕೆಟ್ಟಿನಲ್ಲಿ ಯಾರೂ ಇರಲಿಲ್ಲ. ಬೈಗುಳಕ್ಕೆ ಹೆದರುವವರು ಕೆಲವರಾದರೆ, ಹಲ್ಲಿಗೆ ಹೆದರುವವರು ಎಲ್ಲರೂ.

ರೈತ ಜೋಳದ ಚೀಲ ಬಿಚ್ಚಿ ನಿಂತರೆ ಆಕೆ ಮೊಣಕೈತನಕ ಕೈ ಇಳಿಸುವಳು. ಮೇಲಿನ ಕಾಳು ಬಿಸಿಲು ಕಂಡಿರುತ್ತದೆ, ಅದನ್ನು ನಂಬುವ ಹಾಗಿಲ್ಲ. ತಳದ ಕಾಳೊಂದನ್ನು ತೆಗೆದು ಮುಂದಿನ ಹಲ್ಲುಗಳ ನಡುವೆ ಇಟ್ಟು ಕಡಿಯುವಳು. ಟಕ್ ಎಂದರೆ ಕಾಳು ಒಣಗಿದೆ, ಚೀಲಕ್ಕೆ ಹೊಲಿಗೆ ಹಾಕಬಹುದು. ಸದ್ದಿಲ್ಲದೆ ಹಲ್ಲಿಗೆ ಮೆತ್ತಿಕೊಂಡರೆ ಹಸಿ. ಗೋದಾಮಿನಲ್ಲಿ ನಾಕು ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಹೀಗೆ ಕಡಿದು ನೋಡುವ ವ್ಯಾಪಾರಸ್ಥರು ಆ ಸಾಲಿನಲ್ಲಿ ಇನ್ನೂ ಇದ್ದರು. ಆದರೆ ಅವರು ಕಡಿದು ತಮ್ಮಷ್ಟಕ್ಕೆ ತಾವು ತಲೆ ಆಡಿಸಿಬಿಡುವರು. ಮುರಿಗೆವ್ವ ಮಾತ್ರ ರೈತನ ಕಿವಿಯ ಹತ್ತಿರ ಮುಖ ಒಯ್ದು, ಅವನಿಗೂ ಕೇಳುವಂತೆ ಕಡಿಯುತ್ತಿದ್ದಳು. "ಕೇಳತ? ನಾ ಏನ ಸುಳ್ಳ ಹೇಳೂದೈತಿ, ನಿನ್ನ ಕಾಳ ಹೇಳಾಕತ್ತೈತಿ," ಎನ್ನುವಳು. ಕೇಳಿದ ಮೇಲೆ ರೈತನಿಗೆ ತಕರಾರು ಮಾಡಲು ಬಾಯಿ ಬರುತ್ತಿರಲಿಲ್ಲ.

ಗಂಡನ ಕಾಳಿನ ಅಂಗಡಿಯ ಗಾದಿಯ ಮೇಲೆ ಆಕೆ ಕೂತದ್ದೇ ಒಂದು ಜಗಳ. ಕೆಲಗೇರಿಯಿಂದ ಬೈರಿದೇವರಕೊಪ್ಪಕ್ಕೆ ಸೊಸೆಯಾಗಿ ಬಂದವಳು. ಗಂಡ ತೀರಿಕೊಂಡಾಗ ಮಗ ಶಿವಯೋಗೀಶ ಇನ್ನೂ ಕನ್ನಡ ಸಾಲಿಗೆ ಹೋಗುತ್ತಿದ್ದ. ಇನ್ನು ಅಂಗಡಿ ಮೈದುನ ಚನ್ನಯ್ಯನದು ಎಂದು ಹಿರಿಯರೆಲ್ಲ ಮಾತಾಡಿಕೊಂಡು ಮುಗಿಸಿದ್ದರು. ಚನ್ನಯ್ಯ ಹೊಸ ಧೋತರ ಉಟ್ಟು ಅಂಗಡಿಗೆ ಬಂದು ನೋಡಿದರೆ ಗಾದಿಯ ಮೇಲೆ ಅತ್ತಿಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾಳೆ. "ಗಂಡಸರ ಮಾರ್ಕೆಟ್ಟಿನ್ಯಾಗ ನೀ ಏನ ಮಾಡ್ತಿ?" ಎಂದ. "ನೀ ಏನ ಮಾಡ್ತಿದ್ದೆಲಾ, ಅದನ್ನ," ಎಂದಳು. ಚನ್ನಯ್ಯ ಅಂದಿನಿಂದ ಆಕೆಯ ಸೋಲಿಗಾಗಿ ಕಾಯತೊಡಗಿದ. ತಾಳ್ಮೆಯ ಮನುಷ್ಯ, ಹದಿನಾಲ್ಕು ವರ್ಷ ಕಾದ.

ಮುರಿಗೆವ್ವನದೊಂದು ಪದ್ಧತಿಯಿತ್ತು. ಮುಂಜಾನೆ ಮೊದಲ ಕಾಳು ಕಡಿಯುವ ಮುಂಚೆ ಸೊಂಟದ ಸಂಚಿಯಿಂದ ವಿಭೂತಿ ತೆಗೆದು, ಹಣೆಗೆ ಎಳೆದುಕೊಂಡು, ಉಳಿದ ಚಿಟಿಕೆಯನ್ನು ಮುಂದಿನ ಹಲ್ಲಿಗೆ ಸವರುವಳು. ತಕ್ಕಡಿಗೆ ಪೂಜೆ ಮಾಡುವವರಿದ್ದಾರೆ, ಗಲ್ಲಾಪೆಟ್ಟಿಗೆಗೆ ಮಾಡುವವರಿದ್ದಾರೆ. ಈಕೆಯ ಸಲಕರಣೆ ಬಾಯಿಯಲ್ಲಿತ್ತು, ಅಲ್ಲಿಗೇ ಪೂಜೆ.

ಸಾವಿರದ ಒಂಬೈನೂರ ತೊಂಬತ್ತೇಳರ ಸುಗ್ಗಿ. ರಾಯಾಪುರದ ಶಿದ್ದಪ್ಪ ಬಿಳಿಜೋಳ ತಂದಿದ್ದ. ಮುರಿಗೆವ್ವ ತಳದಿಂದ ಕಾಳು ತೆಗೆದು, ಅವನ ಕಿವಿಯ ಹತ್ತಿರ ಹೋಗಿ ಕಡಿದಳು. ಟಕ್ ಎಂಬುದರ ಬದಲು ಕಟುಂ ಎಂದಿತು. ಕಾಳಿನ ಬಣ್ಣದ್ದೇ ಒಂದು ಸಣ್ಣ ಹರಳು. ಮೇಲಿನ ಮುಂದಿನ ಹಲ್ಲು ಅಡ್ಡಡ್ಡ ಮುರಿದು ಅರ್ಧ ತುಂಡು ಅಂಗೈಗೆ ಬಿತ್ತು. ಶಿದ್ದಪ್ಪ ಬೆವತು ಹೋದ. "ಯವ್ವಾ, ನಾ ಬೇಕಂತ ಹಾಕಿದ್ದಲ್ಲರಿ..." ಎಂದು ಕೈ ಮುಗಿಯತೊಡಗಿದ. ಮುರಿಗೆವ್ವ ಇನ್ನೊಂದು ಕಾಳು ತೆಗೆದು ಪಕ್ಕದ ಹಲ್ಲಿನಲ್ಲಿ ಕಡಿದು, ದರ ಹೇಳಿ, ತೂಕ ಮಾಡಿಸಿ, ವ್ಯವಹಾರ ಮುಗಿಸಿದ ಮೇಲೆಯೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮರುದಿನದಿಂದ ಕಷ್ಟ ಗೊತ್ತಾಯಿತು. ಮುರಿದ ಹಲ್ಲಿಗೆ ಗಾಳಿ ತಾಗಿದರೂ ಜುಂ ಎನ್ನುತ್ತಿತ್ತು. ಪಕ್ಕದ ಹಲ್ಲಿನಲ್ಲಿ ಕಡಿದರೆ ಸದ್ದು ಕೆನ್ನೆಯೊಳಗೇ ಉಳಿಯುತ್ತಿತ್ತು. "ಏನೂ ಕೇಳಲಿಲ್ಲರಿ ಅವ್ವಾರ," ಎಂದು ರೈತರು ಕಿವಿ ತುರಿಸಿಕೊಳ್ಳುವರು. ಬಿ.ಕಾಂ. ಮುಗಿಸಿ ಅಂಗಡಿಗೆ ಬಂದಿದ್ದ ಶಿವಯೋಗೀಶ ಇದೇ ಹೊತ್ತಿಗೆ ಕಾಳಿನ ತೇವ ಅಳೆಯುವ ಮಷೀನೊಂದನ್ನು ತಂದು ಮೇಜಿನ ಮೇಲೆ ಇಟ್ಟ. ಕಾಳು ಹಾಕಿ ಗುಂಡಿ ಒತ್ತಿದರೆ ಅಂಕಿ ಬರುತ್ತದೆ. ಒಳ್ಳೆಯ ಹುಡುಗ, ತಾಯಿಯ ಮೇಲೆ ಪ್ರೀತಿಯೂ ಇತ್ತು. ಆದರೆ ಪ್ರೀತಿ ಇದ್ದವರೇ ನಮ್ಮನ್ನು ಮೂಲೆಯಲ್ಲಿ ಕೂರಿಸಲು ಅವಸರ ಮಾಡುತ್ತಾರೆ.

"ಸಾಕ ಮಾಡವ್ವಾ. ಎಷ್ಟ ದಿನಾ ಕಲ್ಲ ಕಡೀತಿ? ಮನ್ಯಾಗ ಆರಾಮ ಇರು," ಎಂದ. ಮಾರ್ಕೆಟ್ಟಿನ ಕಡೆಯ ಹಲ್ಲಿನ ಡಾಕ್ಟರರೊಬ್ಬರ ಹತ್ತಿರ ತಾನೇ ಕರೆದುಕೊಂಡು ಹೋದ. ಅವರು ಬಾಯಿಯೊಳಗೆ ಟಾರ್ಚು ಬಿಟ್ಟು ನೋಡಿ, "ಇದನ್ನ ಕಿತ್ತ ಬಿಡೂಣು. ಇದೊಂದ ಯಾಕ, ವಯಸ್ಸಾತು, ಎಲ್ಲಾ ಕಿತ್ತು ಸೆಟ್ ಕೂಡಸೂಣು," ಎಂದರು. ಮುರಿಗೆವ್ವ ಕುರ್ಚಿಯಿಂದ ಇಳಿದು ಚಪ್ಪಲಿ ಮೆಟ್ಟಿದಳು. "ಮದಲ ನಿಮ್ಮವು ಕಿತ್ತು ಕೂಡಿಸಿಕೋರಿ. ಛಲೋ ಅನಿಸಿದ್ರ ಹೇಳಿ ಕಳಸ್ರಿ," ಎಂದು ಹೊರಗೆ ಬಂದಳು. ಶಿವಯೋಗೀಶನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ರಿಕ್ಷಾದಲ್ಲಿ ಆಕೆ ನಾಲಿಗೆಯಿಂದ ಮುರಿದ ಹಲ್ಲನ್ನು ತಡವುತ್ತ ಕೂತಳು. ಹೆದರಿಕೆಯಾಗಿತ್ತು. ಹಲ್ಲು ಹೋದರೆ ಗಾದಿ ಹೋಯಿತು, ಅದು ಆಕೆಗೆ ಗೊತ್ತಿತ್ತು. ಯಾರೂ ಎಬ್ಬಿಸುವುದಿಲ್ಲ, ಗದರುವುದಿಲ್ಲ. ಇವತ್ತು ಬರಬ್ಯಾಡ, ನಾಳೆ ಬಾ ಎನ್ನುತ್ತಾರೆ, ನಾಳೆಯೂ ಅದನ್ನೇ ಅನ್ನುತ್ತಾರೆ. ಆಮೇಲೆ ಮನೆಯಲ್ಲಿ ತೊಗರಿಬ್ಯಾಳಿ ಹಸನು ಮಾಡುತ್ತ, ಚನ್ನಯ್ಯ ಬಂದಾಗ ಚಹಾ ಕೊಡುತ್ತ ಇರಬೇಕು. ಅದನ್ನು ನೆನೆಸಿಕೊಂಡೇ ಮೈ ಉರಿಯಿತು.

ಬೈರಿದೇವರಕೊಪ್ಪದಲ್ಲಿ ಹಿಟ್ಟಿನ ಗಿರಣಿಯ ಮೇಲೆ ರಜನಿ ಎಂಬ ಹುಡುಗಿ ಹೊಸದಾಗಿ ದವಾಖಾನೆ ತೆರೆದಿದ್ದಳು. ಧಾರವಾಡದ ಕಡೆಯವಳು, ಮೆತ್ತಗಿನ ಮಾತು. ಕೆಳಗೆ ಗಿರಣಿ ಓಡಿದರೆ ಮೇಲೆ ಅವಳ ಕುರ್ಚಿ ಸಣ್ಣಗೆ ನಡುಗುತ್ತಿತ್ತು. ಉಳಿಸಲು ಬರುವ ಹಲ್ಲನ್ನು ಕೀಳುವುದಿಲ್ಲ ಎಂಬ ಹಟ ಅವಳದು. ಅದರಿಂದಾಗಿ ಗಿರಾಕಿಗಳೂ ಕಡಿಮೆ. ಮುರಿಗೆವ್ವ ಯಾರಿಗೂ ಹೇಳದೆ ಒಬ್ಬಳೇ ಮೆಟ್ಟಿಲು ಹತ್ತಿದಳು.

"ಇದನ್ನ ಕಟ್ಟಬಹುದ್ರಿ," ಎಂದಳು ರಜನಿ. "ಹಲ್ಲಿನ ಬಣ್ಣದ್ದೇ ಒಂದು ಮೆತ್ತನ್ನ ಸಾಮಾನು ಇರ್ತದ. ಅಂಟು ಹಚ್ಚಿ, ಅದನ್ನ ಕೂಡಿಸಿ, ನೀಲಿ ಬೆಳಕ ಬಿಟ್ರ ಗಟ್ಟಿ ಆಗ್ತದ."

"ಹಿಡೀತೈತಿ?"

"ಹಿಡೀತದ. ಆದ್ರ ಹಲ್ಲು ಒಣಾ ಇರಬೇಕ್ರಿ. ಮದಲ ಔಷಧ ಹಚ್ಚಿ ಹಲ್ಲಿನ ಮ್ಯಾಲ ಕಣ್ಣಿಗೆ ಕಾಣದಂಥ ತೂತು ಮಾಡ್ತೀನಿ. ಅಂಟು ಆ ತೂತಿನ್ಯಾಗ ಇಳದು ಹಿಡ್ಕೋತದ. ಉಗುಳ ಬಿದ್ರ, ಏನಾರ ಧೂಳ ಬಿದ್ರ, ತೂತು ತುಂಬಿ ಹೋಗ್ತಾವ. ಆಮ್ಯಾಲೆ ಅಂಟಿಗೆ ಹಿಡಿಯಾಕ ಜಾಗಾನ ಇರಂಗಿಲ್ಲ."

ಒಣಾ ಎಂಬ ಮಾತು ಬಂದದ್ದೇ ಮುರಿಗೆವ್ವನಿಗೆ ಈ ಹುಡುಗಿಯ ಮೇಲೆ ನಂಬಿಕೆ ಬಂದಿತು. ಕಾಳಿನ ವ್ಯಾಪಾರವೇ ಇದು, ಬಾಯೊಳಗೆ ನಡೆಯುವುದು ಅಷ್ಟೇ. ತುಟಿಯೊಳಗೆ ಅರಳೆ ತುರುಕಿಸಿಕೊಂಡು ಬಾಯಿ ತೆರೆದು ಮಲಗಿದಳು. ರಜನಿ ಔಷಧ ಹಚ್ಚಿ, ತೊಳೆದು, ಗಾಳಿ ಊದಿ ಒಣಗಿಸಿದಳು. ಹಲ್ಲು ಸುಣ್ಣ ಬಳಿದ ಹಾಗೆ ಬೆಳ್ಳಗಾಯಿತು. "ಹಂಗ ಇರ್ರಿ, ಅಂಟಿನ ಶೀಸೆ ಒಳಗ ಫ್ರಿಜ್ಜಿನ್ಯಾಗದ," ಎಂದು ಒಳಗೆ ಹೋದಳು.

ಆ ಒಂದು ನಿಮಿಷದಲ್ಲಿ ಮುರಿಗೆವ್ವನಿಗೆ ನೆನಪಾಯಿತು. ಹಲ್ಲಿಗೆ ಇಷ್ಟು ದೊಡ್ಡ ಕೆಲಸ ನಡೆಯುತ್ತಿದೆ, ವಿಭೂತಿ ಹಚ್ಚಿಲ್ಲ! ಕೈ ತಾನಾಗಿ ಸೊಂಟದ ಸಂಚಿಗೆ ಹೋಯಿತು. ಚಿಟಿಕೆ ತೆಗೆದು, ಮನಸ್ಸಿನಲ್ಲೇ ಶಿವನನ್ನು ನೆನೆದು, ಒಣಗಿದ ಹಲ್ಲಿಗೆ ನೀಟಾಗಿ ಸವರಿದಳು. ಹಲ್ಲೂ ಬಿಳಿ, ವಿಭೂತಿಯೂ ಬಿಳಿ. ಹೊರಗೆ ಬಂದ ರಜನಿಗೆ ಏನೂ ಗೊತ್ತಾಗಲಿಲ್ಲ. ಅಂಟು ಹಚ್ಚಿದಳು, ಹಲ್ಲು ಕಟ್ಟಿದಳು, ನೀಲಿ ಬೆಳಕು ಬಿಟ್ಟಳು.

ಕನ್ನಡಿ ನೋಡಿದರೆ ಹಳೆಯ ಹಲ್ಲೇ ತಿರುಗಿ ಬಂದಂತಿತ್ತು. "ಇದರಿಂದ ಕಾಳ ಕಡಿಬ್ಯಾಡ್ರಿ," ಎಂದಳು ರಜನಿ.

"ಕಾಳ ಕಡಿಯಾಕ ಅಲ್ದ ಮತ್ಯಾಕ ಕಟ್ಟಿಸೇನಿ? ಮುತ್ತ ಕೊಡಾಕ?" ಎಂದು ಮುರಿಗೆವ್ವ ಮೆಟ್ಟಿಲಿಳಿದಳು.

ಮಾರ್ಕೆಟ್ಟಿನಲ್ಲಿ ಆಕೆಯ ಮೆರವಣಿಗೆ ನೋಡಬೇಕಿತ್ತು. ಕಂಡಕಂಡವರ ಕಿವಿಯಲ್ಲಿ ಟಕ್ ಎನ್ನಿಸಿದಳು. ಪಕ್ಕದ ಅಂಗಡಿಗೆ ಹೋಗಿ ಅವರ ಕಾಳನ್ನೂ ಕಡಿದು ಬಂದಳು. ಸುದ್ದಿ ಕೇಳಿದ ಚನ್ನಯ್ಯ ಮುಖ ಸಣ್ಣದು ಮಾಡಿಕೊಂಡ. ಆದರೆ ಯುಗಾದಿ ಕಳೆದು ಸ್ವಲ್ಪ ದಿನಕ್ಕೇ, ಐದಾರು ಮಂದಿ ರೈತರು ಸುತ್ತ ನಿಂತಿರುವಾಗ, ಕಾಳಿನ ಜೊತೆಗೆ ಹಲ್ಲಿನ ತುಂಡೂ ಕಳಚಿ ಅಂಗೈಗೆ ಬಂತು. ಕಾಳು ಇನ್ನೂ ಇಡಿಯಾಗಿತ್ತು. ಯಾರೋ ಕಿಸಕ್ಕೆಂದರು. ಶಿವಯೋಗೀಶ ಸುಮ್ಮನೆ ಮಷೀನನ್ನು ಮುಂದಕ್ಕೆ ಸರಿಸಿ ಅದರೊಳಗೆ ಕಾಳು ಸುರಿದ. ಮಗ ನಕ್ಕಿದ್ದರೂ ಆಕೆ ತಡೆದುಕೊಳ್ಳುತ್ತಿದ್ದಳು. ಆ ಸುಮ್ಮನಿರುವಿಕೆ ತಡೆಯಲಾಗಲಿಲ್ಲ.

ಸಂಜೆಗೆ ಊರೆಲ್ಲ ಸುದ್ದಿ. ಗಿರಣಿ ಮ್ಯಾಲಿನ ಡಾಕ್ಟರ್ ಕಟ್ಟಿದ ಹಲ್ಲು ಎರಡು ತಿಂಗಳೂ ಬರಲಿಲ್ಲವಂತೆ. ಬಾಯಿ ತೋರಿಸಲು ಬರುತ್ತೇನೆ ಎಂದಿದ್ದ ಓಣಿಯ ಮಾಶಾಬಿ ಮೆಟ್ಟಿಲ ತನಕ ಬಂದು, ಗಿರಣಿಯಲ್ಲಿ ಹಿಟ್ಟು ಹಾಕಿಸಿಕೊಂಡು ವಾಪಸು ಹೋದಳು.

ಮುರಿಗೆವ್ವ ಉರಿಯುತ್ತ ಹೋಗಿ ತುಂಡನ್ನು ರಜನಿಯ ಮೇಜಿನ ಮೇಲೆ ಇಟ್ಟಳು. "ತಗೋ ನಿನ್ನ ಅಂಟು! ಒಣಾ ಮಾಡ್ತೇನಿ, ತೂತು ಮಾಡ್ತೇನಿ ಅಂತ ಏನೇನ ಹೇಳಿದಿ. ಸಾಲಿ ಹುಡುಗರ ಗೋಂದ ಇದಕ್ಕಿಂತ ಛಲೋ ಹಿಡೀತೈತಿ!"

ರಜನಿ ತುಂಡನ್ನು ದೀಪದ ಕೆಳಗೆ ಹಿಡಿದು, ಭೂತಗನ್ನಡಿ ಇಟ್ಟು ನೋಡಿದಳು. ಅಂಟು ತುಂಡಿನ ಜೊತೆಗೆ ಪೂರಾ ಎದ್ದು ಬಂದಿತ್ತು, ಹಲ್ಲನ್ನು ಹಿಡಿದೇ ಇರಲಿಲ್ಲ. ಅದರ ತುಂಬ ರವೆಯ ಹಾಗೆ ಬಿಳಿ ಕಣ. "ಇದೇನಿದು? ನಾ ಇಂಥಾದ್ದೇನೂ ಹಚ್ಚಿಲ್ಲಲ್ರಿ," ಎಂದು ಭೂತಗನ್ನಡಿಯನ್ನು ಮುರಿಗೆವ್ವನ ಕೈಗೆ ಕೊಟ್ಟಳು.

ಮುರಿಗೆವ್ವ ಬಗ್ಗಿ ನೋಡಿದಳು. ಮೂವತ್ತು ವರ್ಷದಿಂದ ದಿನಾ ಬೆರಳಿಗೆ ತಾಕುವ ಪುಡಿಯನ್ನು ಗುರುತಿಸಲು ಎಷ್ಟು ಹೊತ್ತು ಬೇಕು? ಸಿಟ್ಟೆಲ್ಲ ಒಮ್ಮೆಗೇ ಇಳಿಯಿತು. ಸುಳ್ಳು ಹೇಳಿ ಪಾರಾಗಬಹುದಿತ್ತು. ರಜನಿಗೆ ಎಂದೂ ತಿಳಿಯುತ್ತಿರಲಿಲ್ಲ. ಆದರೆ ಹಸಿ ಕಾಳನ್ನು ಒಣಾ ಎಂದು ಆಕೆ ಯಾವತ್ತೂ ಹೇಳಿದವಳಲ್ಲ.

"ವಿಭೂತಿ," ಎಂದಳು. "ನೀ ಒಳಗ ಹೋದಾಗ ಹಚ್ಚೀನಿ."

"ಏನಂದ್ರಿ?"

"ಹಚ್ಚೀನಿ ಅಂದೆ. ದಿನಾ ಹಚ್ಚತೇನಿ, ಅವತ್ತೂ ಹಚ್ಚೀನಿ. ಏನೀಗ? ದೇವರ ಹೆಸರ ತಗೊಳ್ಳೂದು ತಪ್ಪೇನ?"

ಮೆತ್ತಗಿನ ಮಾತಿನ ರಜನಿ ಅವತ್ತು ಮೊದಲ ಸಲ ದನಿ ಏರಿಸಿದಳು. "ದೇವರ ಹೆಸರ ಬಾಯಿಲೆ ತಗೋರಿ, ಬೆರಳಲೆ ಯಾಕ ತಗೋತೀರಿ! ನಾ ಅಷ್ಟ ಹೇಳಿದ್ದೆ, ಧೂಳ ಬೀಳಬಾರದು ಅಂತ. ಮಂದಿ ಎಲ್ಲಾ ನನ್ನ ಕೆಲಸಾನ ಸುಳ್ಳು ಅನ್ನಾಕತ್ತಾರ. ಒಬ್ರೂ ಮೆಟ್ಟಲಾ ಹತ್ತವಲ್ರು!" ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರು ಬಂತು. ಕೆಳಗೆ ಗಿರಣಿ ಗುರ್ರೆನ್ನುತ್ತಲೇ ಇತ್ತು.

ಮುರಿಗೆವ್ವನಿಗೆ ಅಯ್ಯೋ ಅನಿಸಿತು. ಹದಿನಾಲ್ಕು ವರ್ಷದ ಹಿಂದೆ ಗಾದಿಯ ಮೇಲೆ ಕೂತ ಮೊದಲ ವಾರ ತನ್ನ ಅಂಗಡಿಯ ಮೆಟ್ಟಿಲನ್ನೂ ಯಾರೂ ಹತ್ತಿರಲಿಲ್ಲ. "ಅಳಬ್ಯಾಡ ತಂಗಿ," ಎಂದಳು. "ತಪ್ಪ ನಂದು. ಮತ್ತ ಹಚ್ಚು. ಮಾರ್ಕೆಟ್ಟಿನ್ಯಾಗ ಒಬ್ಬೊಬ್ಬರ ಕಿವ್ಯಾಗೂ ನಾನ ಹೇಳತೇನಿ, ನೋಡು."

"ಮತ್ತ ವಿಭೂತಿ?"

ಮುರಿಗೆವ್ವ ಯೋಚಿಸಿದಳು. ಬಿಡುವುದಂತೂ ಆಗದ ಮಾತು. ರಜನಿಯೇ ಮೂಗು ಒರೆಸಿಕೊಂಡು ಹಣೆ ಮುಂದೆ ಮಾಡಿದಳು. "ನನ್ನ ಹಣಿಗೆ ಹಚ್ಚಿಬಿಡ್ರಿ. ಕೆಲಸಾ ಮಾಡಾಕಿ ನಾನ ಅಲಾ? ಹಲ್ಲಿನ ತಂಟೇಕ ಹೋಗಬ್ಯಾಡ್ರಿ."

ಮುರಿಗೆವ್ವ ಮೂರು ಬೆರಳಿನಿಂದ ಅಡ್ಡ ಎಳೆದಳು, ಕೈ ತೊಳೆದುಕೊಂಡು ಕುರ್ಚಿ ಹತ್ತಿದಳು. ಈ ಸಲ ರಜನಿ ಶೀಸೆಯನ್ನು ಮೊದಲೇ ತಂದಿಟ್ಟುಕೊಂಡಿದ್ದಳು. ಬೆಳಕು ಬಿಟ್ಟು ಮುಗಿದ ಮೇಲೆ ಹೇಳಿದಳು: "ಇನ್ನೊಂದ ಮಾತ ಮದಲ ಹೇಳಿಬಿಡ್ತೀನ್ರಿ. ಈ ಅಂಟಿಗೂ ವಯಸ್ಸದ. ಬಾಯಿ ಅಂದ್ರ ಯಾವಾಗ್ಲೂ ಹಸಿ ಇರೂ ಜಾಗಾ. ಆ ಹಸಿ ಅಂಚಿನಿಂದ ಸಾವಕಾಶ ಒಳಗ ಇಳೀತದ, ಅಂಟು ಮೆತ್ತಗಾಗ್ತದ. ನೀವು ಕಾಳ ಕಡದ್ರ ಇನ್ನೂ ಲಗೂ. ಐದ ವರ್ಷ ಬಂದ್ರ ದೊಡ್ಡದು."

"ಐದ ವರ್ಷದಾಗ ನನ್ನ ಮಗಾ ಶಾಣ್ಯಾ ಆಗತಾನ. ಸಾಕು," ಎಂದಳು ಮುರಿಗೆವ್ವ.

ಮಾತು ಕೊಟ್ಟಂತೆ ಮಾರ್ಕೆಟ್ಟಿನಲ್ಲಿ ತನ್ನ ವಿಭೂತಿ ಪುರಾಣವನ್ನು ತಾನೇ ಹೇಳಿ ಮಂದಿಯನ್ನು ನಗಿಸಿದಳು. ಮಾಶಾಬಿಯನ್ನು ಕೈ ಹಿಡಿದು ಮೆಟ್ಟಿಲು ಹತ್ತಿಸಿದಳು. ಹಲ್ಲು ಟಕ್ ಎನ್ನುತ್ತಲೇ ಇತ್ತು.

ಮಷೀನೂ ಮೇಜಿನ ಮೇಲೆ ಇದ್ದೇ ಇತ್ತು. ಅದು ಸುಳ್ಳು ಹೇಳುವ ಮಷೀನಲ್ಲ. ಒಂದು ದಿನ ಫಕೀರೇಶ ಎಂಬ ರೈತನ ಜೋಳಕ್ಕೆ ಅದು ಹಸಿ ಎಂದಿತು. ಫಕೀರೇಶ ಚೀಲದ ಬಾಯಿ ಕಟ್ಟತೊಡಗಿದ. "ಮಷೀನ ನಿಮ್ಮದು, ಗುಂಡಿ ನಿಮ್ಮದು, ಅಂಕಿನೂ ನಿಮ್ಮದ. ನನಗೇನ ಗೊತ್ತಾಗತೈತಿ? ಅವ್ವಾರು ಕಡೀಲಿ," ಎಂದ. ಮುರಿಗೆವ್ವ ಅವನ ಕಿವಿಯ ಹತ್ತಿರ ಹೋಗಿ ಕಡಿದಳು. ಸದ್ದೇ ಬರಲಿಲ್ಲ. ಫಕೀರೇಶ "ಹೌದ್ರಿ, ಹಸಿ ಐತಿ. ಎರಡ ದಿನಾ ಹರವಿ ತರತೇನಿ," ಎಂದು ಗಾಡಿ ತಿರುಗಿಸಿದ. ಮಷೀನು ಹೇಳಿದ್ದನ್ನೇ ಹಲ್ಲೂ ಹೇಳಿತ್ತು. ಆದರೂ ಆ ಮಾತನ್ನು ಒಪ್ಪಿಕೊಳ್ಳಲು ಅವನಿಗೆ ಹಲ್ಲೇ ಬೇಕಾಯಿತು. ಮರುದಿನದಿಂದ ಶಿವಯೋಗೀಶ ಮೊದಲು ಅವ್ವನಿಂದ ಕಡಿಸಿ, ಆಮೇಲೆ ಮಷೀನಿಗೆ ಹಾಕತೊಡಗಿದ.

ಐದು ವರ್ಷ ಆಯಿತು, ಹಲ್ಲು ಬೀಳಲಿಲ್ಲ. ಎಂಟಾಯಿತು. ಚನ್ನಯ್ಯ ಕಾದು ಕಾದು ಮಂಡಿನೋವು ಹಚ್ಚಿಕೊಂಡು ಅಂಗಡಿಯ ಕಡೆ ಬರುವುದನ್ನೇ ಬಿಟ್ಟ. ಹಲ್ಲಿಗೆ ಅಂಚಿನಲ್ಲಿ ಚಹಾದ ಬಣ್ಣದ ಗೆರೆಯೊಂದು ಮೂಡಿತು. ವರ್ಷಕ್ಕೊಮ್ಮೆ ರಜನಿ ಅದನ್ನು ಉಜ್ಜಿ ಹೊಳಪು ಮಾಡಿ, "ಹಸಿ ಒಳಗ ಇಳಿಯಾಕತ್ತದರಿ, ಕಾಳ ಬಿಡ್ರಿ," ಎನ್ನುವಳು. "ಇಳೀಲಿ. ನಾ ಏರಾಕತ್ತೇನಿ," ಎಂದು ಮುರಿಗೆವ್ವ ಬೇಕೆಂದೇ ಕಟಕಟ ಕಡಕ್ ರೊಟ್ಟಿ ತಿಂದು ತೋರಿಸುವಳು.

ಎರಡು ಸಾವಿರದ ಎಂಟರ ಸುಗ್ಗಿಯಲ್ಲಿ ಅದು ಬಿತ್ತು. ಹರಳಿಲ್ಲ, ಧೂಳಿಲ್ಲ, ಅದೇ ಫಕೀರೇಶನ ಒಣಗಿದ ಛಲೋ ಜೋಳ. ಟಕ್ ಎಂದಿತು, ಹಲ್ಲಿನ ತುಂಡು ಹಾರಿ ನೆಲದ ಮೇಲೆ ಹರವಿದ್ದ ಬಿಳಿಜೋಳದ ರಾಶಿಯಲ್ಲಿ ಬಿದ್ದು ಮಾಯವಾಯಿತು. ಮುರಿಗೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಎಪ್ಪತ್ತರ ಹತ್ತಿರ ಬಂದಿದ್ದಳು. ಈಗ ಮಗ ಆ ಮಾತನ್ನು ಹೇಳುತ್ತಾನೆ, ಸಾಕು ಮಾಡವ್ವಾ ಎನ್ನುತ್ತಾನೆ, ಈ ಸಲ ಎದುರಾಡಲು ತನ್ನಲ್ಲಿ ಏನಿದೆ ಎಂದು ಹೆದರಿದಳು.

ಮಷೀನಿನ ಹತ್ತಿರ ಕೂತಿದ್ದ ಶಿವಯೋಗೀಶ ಎದ್ದು ಬಂದ. ಪ್ಯಾಂಟು ಮೊಣಕಾಲಿಗೆ ಮಡಚಿ ಜೋಳದ ರಾಶಿಯ ಮುಂದೆ ಕೂತು, ಅಂಗೈಯಿಂದ ಕಾಳು ಸವರುತ್ತ ಹುಡುಕತೊಡಗಿದ. ಹಮಾಲರು ತಕ್ಕಡಿ ಹಿಡಿದು ನಿಂತಿದ್ದರು.

"ಸಾವ್ಕಾರ, ತೂಕಾ ಹಚ್ಚೂಣೇನ್ರಿ?" ಎಂದ ಒಬ್ಬ.

"ತಡೀರಲೇ!" ಎಂದು ಗದರಿದ. "ನಮ್ಮವ್ವನ ಹಲ್ಲ ಸಿಗೂತನಾ ಯಾವ ತೂಕಾನೂ ಇಲ್ಲ."

ಫಕೀರೇಶನೂ ರುಮಾಲು ಬಿಚ್ಚಿಟ್ಟು ಕೂತ. ಹಮಾಲರು ಜರಡಿ ತಂದರು. ತುಂಡು ಜರಡಿಯಲ್ಲಿ ಸಿಕ್ಕಿತು.

ರಜನಿ ಈಗ ಕನ್ನಡಕ ಹಾಕಿಕೊಂಡಿದ್ದಳು. ದವಾಖಾನೆಯಲ್ಲಿ ಮಂದಿ ತುಂಬಿ ಬೆಂಚು ಸಾಲುತ್ತಿರಲಿಲ್ಲ. ಗಿರಣಿ ಮಾತ್ರ ಕೆಳಗೆ ಅದೇ. ತುಂಡನ್ನು ಭೂತಗನ್ನಡಿಯ ಕೆಳಗೆ ಹಿಡಿದಳು. "ವಿಭೂತಿ ಇಲ್ಲರಿ," ಎಂದು ಸಣ್ಣಗೆ ನಕ್ಕಳು. ಆಮೇಲೆ ನಗು ಹೋಯಿತು. "ಹಸಿ ಒಳಗ ಇಳದದ. ಹನ್ನೊಂದ ವರ್ಷ ಹಿಡದಿತ್ತು. ಸೋತತರಿ ಅವ್ವಾರ, ನನ್ನ ಅಂಟು."

"ಸೋಲಲಿ ಬಿಡು. ಅಂಟು ಸೋತೈತಿ, ನಾ ಎಲ್ಲಿ ಸೋತೇನಿ? ಮತ್ತ ಹಚ್ಚು."

"ಹಲ್ಲು ಈಗ ಮದಲಿನಂಗ ಇಲ್ಲರಿ. ಸವದದ. ಈ ಸಲ ಎಷ್ಟ ದಿನಾ ಬರ್ತದ, ಹೇಳಾಕ ಆಗೂದಿಲ್ಲ."

"ಬಿದ್ದ ದಿನಾ ಮತ್ತ ಬರತೇನಿ. ಮೆಟ್ಟಲಾ ಗೊತ್ತೈತಿ ನನಗ." ಮುರಿಗೆವ್ವ ಸಂಚಿಗೆ ಕೈ ಹಾಕಿ, ರಜನಿಯ ಹಣೆಗೆ ಮೂರು ಬೆರಳು ಎಳೆದು, ಕೈ ತೊಳೆದು ಕುರ್ಚಿ ಹತ್ತಿದಳು. ಕುರ್ಚಿ ಸಣ್ಣಗೆ ನಡುಗುತ್ತಿತ್ತು. ಬಾಗಿಲಲ್ಲಿ ನಿಂತ ಮಗನ ಕಡೆ ನೋಡಿದಳು. ಅವನು ಹೇಳುವುದಾದರೆ ಈಗಲೇ ಹೇಳಲಿ.

ಶಿವಯೋಗೀಶನ ಮೊಣಕಾಲಿಗೆ ಜೋಳದ ಧೂಳು ಇನ್ನೂ ಹತ್ತಿಕೊಂಡಿತ್ತು. "ಲಗೂ ಹಚ್ರಿ ಡಾಕ್ಟರ," ಎಂದ. "ಚೀಲಾ ಬಿಚ್ಚಿಟ್ಟು ಬಂದೇವಿ. ಅರ್ಧಾ ಕಡಿಯೂದು ಉಳದೈತಿ."

ಮುರಿಗೆವ್ವ ಬಾಯಿ ತೆರೆದಳು.